ಕಬ್ಬಿಣಕ್ಕೆ ಮೈಲಿಗೆ ಇಲ್ಲ

ಗೋಡೆಗೆ ಹೊಡೆದ ಗೂಟಕ್ಕೆ ಧೋತರದ ತುದಿ ಬಿಗಿದು ಅಮೋಘಸಿದ್ದ ಕೈ ಬಿಟ್ಟ. ಅಣ್ಣನ ಹೆಣ ಒಂದು ಗಳಿಗೆ ನೆಟ್ಟಗೆ ಕುಳಿತು ಮತ್ತೆ ಎಡಕ್ಕೆ ವಾಲಿತು. ಅವನು ಇನ್ನೊಂದು ಸುತ್ತು ಎಳೆದ.

"ಎದಿ ಮ್ಯಾಲ ಬಿಗಿಬ್ಯಾಡೋ, ಅಲ್ಲಿ ಸುಟ್ಟದ," ಎಂದಳು ಅಣ್ಣನ ಹೆಂಡತಿ ನಿಂಬೆವ್ವ.

"ಸತ್ತವ್ಗ ಉರಿ ಎಲ್ಲಿದು ವೈನೀ?"

"ನನಗ ಅದ."

ಅಮೋಘಸಿದ್ದ ಕಟ್ಟು ಸಡಿಲಿಸಿ ಹೊಟ್ಟೆಯ ಮೇಲೆ ಬಿಗಿದ. ಖಜೂರಿ ಊರಿನ ಆ ಕೇರಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ, ವಿಭೂತಿ ಬಳಿದು, ಹಾರ ಹಾಕಿ, ಬಂದವರಿಗೆಲ್ಲ ಮುಖ ಕಾಣುವಂತೆ ಕೂರಿಸುತ್ತಾರೆ. ಹುಲೆಪ್ಪನಿಗೆ ವಿಭೂತಿ ದಪ್ಪಗೆ ಬಳಿಯಬೇಕಾಯಿತು. ಗದ್ದದಿಂದ ಹಣೆಯವರೆಗೆ ತೊಗಲೇ ಉಳಿದಿರಲಿಲ್ಲ. ಹನ್ನೊಂದು ವರ್ಷ ಊರ ಧಣಿ ದೇಶಮುಖರ ಮೋಟಾರನ್ನು ಸಾಯದಂತೆ ಕಾದವನು, ಸುಟ್ಟ ಮೂರನೆಯ ದಿನ ಬೆಳಗಿನ ಜಾವ ತಾನು ಸತ್ತಿದ್ದ.

ಆ ಮೋಟಾರಿನ ಡ್ರೈವರ ಯಾಕೂಬಸಾಬ ಬಾಗಿಲ ಹೊರಗೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ನಿಂಬೆವ್ವ ಎದ್ದು ಅವನ ಹತ್ತಿರ ಹೋದಳು.

"ಯಾಕೂಬಣ್ಣಾ, ವಾಡೇಕ ಹೋಗು. ಹೆಣ ಮೋಟಾರಿನ್ಯಾಗ ಕುಂಡ್ರಿಸಿ ಒಯ್ತೀವಿ ಅಂತ ಕೇಳು."

ಅಮೋಘಸಿದ್ದನ ಮುಖ ಕಪ್ಪಿಟ್ಟಿತು. "ವೈನೀ, ತಲಿ ಕೆಟ್ಟದೇನು? ನಾಳಿಂದ ಮತ್ತ ಅವರ ಹೊಲದಾಗೇ ದುಡಿಬೇಕು ನಾವು."

"ಜೀವ ಇದ್ದಾಗ ಕುಂಡ್ರಿಸಲಿಲ್ಲ. ಕುಂಡ್ರಿಸಿದ್ರ ಉಳೀತಿದ್ದ. ಈಗರೆ ಕುಂಡ್ರಿಸಲಿ," ಎಂದಳು ಅವಳು. "ಹೋಗಣ್ಣಾ, ನೀ ಕೇಳು."

ಯಾಕೂಬಸಾಬ ಟೋಪಿ ತಲೆಗೆ ಹಾಕಿಕೊಂಡು ದೇಶಮುಖರ ವಾಡೆಯ ಕಡೆ ನಡೆದ.

*

ಹುಲೆಪ್ಪ ಎಂಜಿನ್ನಿನ ವಿದ್ಯೆ ಕಲಿತದ್ದು ಸೊಲ್ಲಾಪುರದ ಒಂದು ಲಾರಿ ಶೆಡ್ಡಿನಲ್ಲಿ ಕಸ ಹೊಡೆಯುತ್ತ. ಊರಿಗೆ ಬಂದ ವರ್ಷವೇ ದೇಶಮುಖರು ಹೈದರಾಬಾದಿನಿಂದ ಹಳೆಯ ಮೋಟಾರೊಂದನ್ನು ತರಿಸಿದ್ದರು. ಮೊದಲ ಬೇಸಿಗೆಯಲ್ಲೇ ಅದು ಆಳಂದದ ಹಾದಿಯಲ್ಲಿ ಕುದಿದು ನಿಂತಿತು. ವಾಡೆಯ ಆಳು ಧಣಿಯ ಮೆಚ್ಚುಗೆಗೆಂದು ಓಡಿಹೋಗಿ, ಬಾವಿಯ ತಣ್ಣೀರು ಎರಡು ಕೊಡ ತಂದು, ಎಮ್ಮೆ ಮೈ ತೊಳೆದಂತೆ ಕಾದ ಎಂಜಿನ್ನಿನ ಮೇಲೆ ಸುರಿದ. ಟಣ್ ಎಂದು ಎಂಜಿನ್ ಸೀಳಿತು. ಸೊಲ್ಲಾಪುರದವರು ಬಂದು ನೋಡಿ, ಗುಜರಿಗೆ ಹಾಕಿರಿ ಎಂದು ಹೋದರು.

ಆಗ ಧಣಿಗೆ ತನ್ನ ಊರ ಕೇರಿಯ ಹುಡುಗ ನೆನಪಾದ. ಹುಲೆಪ್ಪ ಹಳ್ಳಕ್ಕೆ ಬಿದ್ದಿದ್ದ ಲಾರಿಯೊಂದರ ಎಂಜಿನ್ ಬಿಚ್ಚಿಸಿ ಬಂಡಿಯಲ್ಲಿ ತಂದ. ವಾಡೆಯ ಹಿಂದಿನ ಬೇವಿನ ಟೊಂಗೆಗೆ ಸರಪಳಿ ಹಾಕಿ ಎಂಟು ಮಂದಿ ಎಳೆದು ಎತ್ತಿದರು. ಅದು ಮೋಟಾರಿನ ಹೊಟ್ಟೆಯಲ್ಲಿ ಹಿಡಿಸಲಿಲ್ಲ. ಕಮ್ಮಾರನಿಂದ ಹೊಸ ಕಾಲು ಮಾಡಿಸಿ, ಅಡ್ಡಪಟ್ಟಿ ಕೊಯ್ದು, ಎರಡು ತಿಂಗಳಲ್ಲಿ ಕೂರಿಸಿದ. ಎಂಜಿನ್ನೇನೋ ಕೂತಿತು. ಆದರೆ ಲಾರಿಯ ಎಂಜಿನ್ ದೊಡ್ಡದು, ಮೋಟಾರಿನ ನೀರಿನ ಟಾಕಿ ಚಿಕ್ಕದು. ಐದು ಮೈಲಿಗೊಮ್ಮೆ ಕುದಿಯುತ್ತಿತ್ತು. ಹುಲೆಪ್ಪ ಹುಣಸೆಹಣ್ಣಿನ ನೀರು ಕುದಿಸಿ ಟಾಕಿಗೆ ಹಾಕಿ, ಬಾವಿನೀರಿನ ಸುಣ್ಣ ಕಟ್ಟಿದ್ದನ್ನು ಬಿಡಿಸಿದ. ಚಿಮಣಿ ಎಣ್ಣೆಯ ಡಬ್ಬಿ ಕತ್ತರಿಸಿ, ಗಾಳಿ ಆಚೀಚೆ ಸೋರದಂತೆ ಪಂಖಾದ ಸುತ್ತ ಬಳೆಯ ಹಾಗೆ ಹೊದಿಸಿದ. ಅಂದಿನಿಂದ ಮೋಟಾರು ಕುದಿಯದೆ ಆಳಂದ ಮುಟ್ಟತೊಡಗಿತು. ಓಡಿಸುತ್ತಲೇ ಇರಬೇಕು, ಅಷ್ಟೇ. ನಿಧಾನ ಮಾಡಿದರೆ ಗಾಳಿಯಿಲ್ಲದೆ ಕುದಿಯುತ್ತಿತ್ತು.

ಇನ್ನು ಉಳಿದದ್ದು ಮೈಲಿಗೆಯ ಪ್ರಶ್ನೆ. ಹಾದಿಯಲ್ಲಿ ಕೆಟ್ಟರೆ ಹುಲೆಪ್ಪ ಜೊತೆಗಿರಬೇಕು, ಆದರೆ ಅವನು ಕೂರುವುದೆಲ್ಲಿ? ವಾಡೆಯ ಆಚಾರ್ಯರು ವಿಚಾರ ಮಾಡಿ ಹೇಳಿದರು: ಕಬ್ಬಿಣಕ್ಕೆ ಮೈಲಿಗೆ ಇಲ್ಲ, ಅರಳೆಗೆ ಇದೆ. ಆದ್ದರಿಂದ ಅವನು ಎಂಜಿನ್ನಿನೊಳಗೆ ಹೆಗಲ ತನಕ ಕೈ ಹಾಕಬಹುದು, ಕೆಳಗೆ ಮಲಗಬಹುದು, ಕೂರುವ ಅರಳೆಯ ಗಾದಿ ಮಾತ್ರ ಮುಟ್ಟಬಾರದು. ಶಾಸ್ತ್ರ ಎಂದರೆ ಹೀಗಿರಬೇಕು, ಕೆಲಸವೂ ನಿಲ್ಲಬಾರದು, ಮಡಿಯೂ ಕೆಡಬಾರದು. ಹನ್ನೊಂದು ವರ್ಷ ಹುಲೆಪ್ಪ ಹೊರಗಿನ ಪಾವಟಿಗೆಯ ಮೇಲೆ ನಿಂತೇ ಹೋದ, ನಿಂತೇ ಬಂದ.

*

ಮೂರು ದಿನದ ಹಿಂದೆ ಧಣಿಗೆ ಆಳಂದದಲ್ಲಿ ತಾಲೂಕದಾರರನ್ನು ಕಾಣುವುದಿತ್ತು. ಹಾದಿಯ ತುಂಬ ಜೋಳದ ಕಣಿಕೆ ಹೇರಿದ ಬಂಡಿಗಳು. ಅವುಗಳ ಹಿಂದೆ ಎತ್ತಿನ ನಡಿಗೆಯಲ್ಲಿ ಎರಡು ಮೈಲಿ ಹೋಗುವಷ್ಟರಲ್ಲಿ ಮೋಟಾರು ಉಗಿ ಕಾರಿತು.

"ಅರ್ಧ ತಾಸು ಬಿಡಬೇಕ್ರಿ ಧಣ್ಯಾರ," ಎಂದ ಹುಲೆಪ್ಪ. "ಆರಿದ ಮ್ಯಾಲ ಟಾಕಿ ಮುಚ್ಚಳ ತೆಗೀತೇನಿ."

"ತಾಲೂಕದಾರ ನಿಮ್ಮಪ್ಪನ ಆಳೇನಲೇ? ತೆಗಿ ಈಗ."

"ಮಾಲಿಕ್, ಬೇಡ್ರಿ," ಎಂದ ಯಾಕೂಬಸಾಬ. ಧಣಿ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಹುಲೆಪ್ಪ ತಲೆಯ ರುಮಾಲು ಬಿಚ್ಚಿ ಕೈಗೆ ಸುತ್ತಿಕೊಂಡು ಮುಚ್ಚಳ ತಿರುಗಿಸಿದ. ಕುದಿಯುವ ನೀರು ಮುಖಕ್ಕೂ ಎದೆಗೂ ಹಾರಿತು. ಯಾಕೂಬಸಾಬ ಅವನನ್ನು ಅಪ್ಪಿ ಎತ್ತಿ ಮೋಟಾರಿನ ಬಾಗಿಲ ತನಕ ತಂದ. ಕಲಬುರಗಿಯ ದವಾಖಾನೆ ಮೋಟಾರಿಗೆ ಎರಡು ತಾಸಿನ ಹಾದಿ. ಧಣಿ ಒಂದೇ ಮಾತು ಹೇಳಿದ: "ಗಾದಿ."

ಹುಲೆಪ್ಪನನ್ನು ಊರ ಕಡೆ ಹೊರಟಿದ್ದ ಕಣಿಕೆಯ ಬಂಡಿಯ ಮೇಲೆ ಹಾಕಿದರು. ಯಾಕೂಬಸಾಬನೇ ಎಂಜಿನ್ ಆರಲು ಬಿಟ್ಟು, ನೀರು ತುಂಬಿ, ಧಣಿಯನ್ನು ಆಳಂದಕ್ಕೆ ಮುಟ್ಟಿಸಿದ. ಇದನ್ನೆಲ್ಲ ಅವನೇ ಬಂದು ನಿಂಬೆವ್ವನ ಮುಂದೆ ಅತ್ತು ಹೇಳಿದ್ದ. ತಾಲೂಕದಾರರು ಆ ದಿನ ಬಂದೇ ಇರಲಿಲ್ಲ.

*

ಹೊತ್ತು ಇಳಿದ ಮೇಲೆ ಮೋಟಾರು ಕೇರಿಯ ಬಾಯಿಗೆ ಬಂದು ನಿಂತಿತು. ಮುಂದೆ ಯಾಕೂಬಸಾಬನ ಪಕ್ಕದಲ್ಲಿ ವಾಡೆಯ ಕಾರಭಾರಿ ದೇವೀಂದ್ರಪ್ಪ ಕುಳಿತಿದ್ದ.

"ಧಣ್ಯಾರು ದೊಡ್ಡ ಮನಸು ಮಾಡ್ಯಾರ," ಎಂದ ಕಾರಭಾರಿ, ಕೆಳಗಿಳಿಯದೆ. "ನಾಳಿಂದ ಎಲ್ಲರೂ ರಾಶಿಗಿ ಬರಬೇಕು, ಕಣ ಹಂಗೇ ಬಿದ್ದದ. ಮೋಟಾರು ದೀಪ ಹಚ್ಚೂದ್ರಾಗ ವಾಡೇಕ ವಾಪಸ್ ಬರಬೇಕು."

ಜನ ಮೋಟಾರನ್ನು ಮುತ್ತಿಕೊಂಡರು. ಯಾರೋ ಮುಂಭಾಗಕ್ಕೆ ಚೆಂಡುಹೂವಿನ ಮಾಲೆ ಕಟ್ಟಿದರು. ನಿಂಬೆವ್ವ ಹಿಂದಿನ ಬಾಗಿಲು ತೆಗೆದು ನೋಡಿದಳು. ಒಳಗೆ ಗಾದಿ ಇರಲಿಲ್ಲ. ಹಲಗೆ ಇತ್ತು, ಹಲಗೆಯಲ್ಲಿ ಮೊಳೆಯ ತಲೆಗಳಿದ್ದವು.

"ಹ್ಯಾಂಗ ಹೇಳ್ಲಿ ತಂಗೆವ್ವ," ಎಂದ ಯಾಕೂಬಸಾಬ. "ಮೊದಲ ಗಾದಿ ತೆಗಿಸಿದ್ರು, ಆಮ್ಯಾಲ ಹೂಂ ಅಂದ್ರು."

ನಿಂಬೆವ್ವನಿಗೆ, ಸತ್ತವನಿಗೂ ಹೆದರುವ ಗಾದಿ ಅದೆಂಥದು ಎಂದು ಕೂಗಬೇಕೆನಿಸಿತು. ಅಮೋಘಸಿದ್ದ ಅವಳ ಕಿವಿಯ ಹತ್ತಿರ ಬಂದ. "ಇರಲಿ ವೈನೀ. ಸುತ್ತ ಹತ್ತ್ ಹಳ್ಳ್ಯಾಗ ನಮ್ಮವರು ಯಾರರೆ ಮೋಟಾರಿನ್ಯಾಗ ಹೋಗ್ಯಾರೇನು? ಹೊರಗಿನವರಿಗಿ ಒಳಗಿಂದು ಕಾಣಂಗಿಲ್ಲ."

ಅವಳು ಮನೆಯೊಳಗೆ ಹೋಗಿ ತಾವಿಬ್ಬರೂ ಹೊದೆಯುತ್ತಿದ್ದ ಕೌದಿ ತಂದು ಹಲಗೆಯ ಮೇಲೆ ನಾಲ್ಕು ಮಡಿಕೆ ಹಾಸಿದಳು.

"ಏರಸ್ರಿ," ಎಂದಳು.

ಹಲಗೆ ವಾದ್ಯದ ಬಡಿತದೊಂದಿಗೆ ಮೆರವಣಿಗೆ ಹೊರಟಿತು. ಮೋಟಾರಿನ ಹಿಂಭಾಗದಲ್ಲಿ ಹುಲೆಪ್ಪ ಹಾರ ಹಾಕಿಕೊಂಡು ನೆಟ್ಟಗೆ ಕುಳಿತಿದ್ದ. ಊರಬಾಗಿಲ ಅಗಸೆಯ ಕಟ್ಟೆಯ ಮೇಲಿನವರು ಮಾತು ಬಿಟ್ಟು ನೋಡಿದರು. ಹೂಳುವ ಮುನ್ನ ಎಲ್ಲರೂ ಸರದಿಯಂತೆ ಅವನ ಬಾಯಿಗೆ ಬಿಡುವ ಕೊನೆಯ ನೀರಿನ ಗಡಿಗೆಯನ್ನು ಸೊಂಟದ ಮೇಲಿಟ್ಟುಕೊಂಡು ನಿಂಬೆವ್ವ ಪಕ್ಕದಲ್ಲೇ ನಡೆದಳು. ಒಂದಿಷ್ಟು ದೂರ ಅವಳಿಗೆ ಸಮಾಧಾನವೂ ಆಯಿತು. ಅದನ್ನು ಸುಳ್ಳು ಎನ್ನಲಾಗದು.

ಆದರೆ ಹೆಣದ ಮೆರವಣಿಗೆ ಓಡುವುದುಂಟೇ? ಊರು ಮುಗಿದು ಸುಡುಗಾಡಿನ ದಿಬ್ಬ ಹತ್ತುವಾಗ ಮಾಲೆಯ ಸಂದಿಯಿಂದ ಉಗಿ ಎದ್ದಿತು. ಯಾಕೂಬಸಾಬ ಮೋಟಾರು ನಿಲ್ಲಿಸಿದ. ಹಿಂದೆ ನೀರಿನ ಡಬ್ಬಿ ನೋಡಿದರೆ ಖಾಲಿ. ಅದನ್ನು ತುಂಬುವುದು ಹುಲೆಪ್ಪನ ಕೆಲಸವಾಗಿತ್ತು, ಬೇರೆ ಯಾರಿಗೂ ನೆನಪಾಗಿರಲಿಲ್ಲ.

"ಆ ಗಡಿಗ್ಯಾಗಿಂದು ಹಾಕ್ ಬೇ," ಎಂದ ಕಾರಭಾರಿ.

"ಅದು ಬಾಯಿಗಿ ಬಿಡೋ ನೀರ್ರಿ," ಎಂದ ಅಮೋಘಸಿದ್ದ.

"ಎಂಜಿನ್ ಸೀಳಿದ್ರ ಮಾಡೋರು ಯಾರದಾರಲೇ? ಮಾಡೋನು ಹಿಂದ ಕುಂತಾನ. ಹಾಕದಿದ್ರ ಇಲ್ಲೇ ಇಳಸ್ರಿ ಅವನ್ನ."

ನಿಂಬೆವ್ವ ಗಾಜಿನಾಚೆ ಗಂಡನನ್ನು ನೋಡಿದಳು. ಹೂಳಲು ತೋಡಿದ ಕುಣಿ ಇನ್ನೂ ಎರಡು ಕೂಗಳತೆ ದೂರವಿತ್ತು. ಅಲ್ಲಿಯ ತನಕವಾದರೂ ಅವನು ಕುಳಿತೇ ಹೋಗಲಿ ಎನಿಸಿತು ಅವಳಿಗೆ.

"ಆರಲಿ ತಡೀರಿ," ಎಂದಳು. "ಒಮ್ಮೆಲೆ ಹಾಕಬಾರದು."

ಉಗಿ ತಗ್ಗುವ ತನಕ ಯಾರೂ ಮುಚ್ಚಳ ಮುಟ್ಟಲಿಲ್ಲ. ಈ ಸಲ ಕಾರಭಾರಿಯೂ ಅವಸರ ಮಾಡಲಿಲ್ಲ. ಆಮೇಲೆ ಯಾಕೂಬಸಾಬ ಎಂಜಿನ್ ಚಾಲೂ ಮಾಡಿದ. ನಿಂಬೆವ್ವ, ಹುಲೆಪ್ಪ ಹೇಳುತ್ತಿದ್ದ ಹಾಗೆಯೇ, ಎಳೆಯಷ್ಟು ಸಣ್ಣಗೆ ನೀರು ಬಿಟ್ಟಳು. ಟಾಕಿ ಗುಟುಗುಟು ಕುಡಿಯಿತು. ಗಡಿಗೆ ಬರಿದಾಯಿತು.

ಕಾರಭಾರಿ ಪಡುವಣದ ಕಡೆ ನೋಡಿದ. ಸೂರ್ಯ ನೆಲಕ್ಕೆ ಹತ್ತಿದ್ದ.

"ಹೊತ್ತಾತು," ಎಂದ. "ಇಳಸ್ರಿ."

"ಇನ್ನೊಂದೀಟೇ ಅದರಿ ಸಾಹೇಬ್ರ," ಎಂದ ಯಾಕೂಬಸಾಬ.

"ಧಣ್ಯಾರ ಮಾತು ದೀಪ ಹಚ್ಚೂತನಕ. ಇಳಸ್ರಿ ಅಂದೆ."

ಕೌದಿಯ ಸಮೇತ ಹುಲೆಪ್ಪನನ್ನು ಇಳಿಸಿದರು. ಮೋಟಾರು ಹೊರಳಿ, ತಣ್ಣಗಾದ ಎಂಜಿನ್ನಿನ ಹುಮ್ಮಸ್ಸಿನಲ್ಲಿ, ದಿಬ್ಬ ಇಳಿದು ಜೋರಾಗಿ ಹೋಯಿತು. ಉಳಿದ ದಾರಿಯನ್ನು ನಾಲ್ವರು ಅವನನ್ನು ಹೆಗಲ ಮೇಲೆ ಹೊತ್ತು ನಡೆದರು.

ಕುಣಿಯಲ್ಲಿ ಕೂರಿಸಿದ ಮೇಲೆ ಅಮೋಘಸಿದ್ದ ಅಣ್ಣನ ಗದ್ದ ಹಿಡಿದು ಬಾಯಿ ಬಿಡಿಸಿದ. ನಿಂಬೆವ್ವ ಬಾಗಿ ಬರಿದಾದ ಗಡಿಗೆಯನ್ನು ಆ ತುಟಿಗಳ ಮೇಲೆ ಬೋರಲು ಹಿಡಿದಳು. ಅವಳ ಹಿಂದೆ ಕೇರಿಯ ಜನ, ತಮ್ಮ ಸರದಿಯ ನೀರಿಗಾಗಿ ಬೊಗಸೆಯೊಡ್ಡಿ ಸಾಲಾಗಿ ನಿಂತಿದ್ದರು.