ನಾಲ್ಕು ಯಂತ್ರ, ಒಂದು ಕೀಬೋರ್ಡು

ಡಾಕ್ಟರ್ ಜೆಬಮಣಿಯವರ ಮೇಜಿನ ಕೆಳಗೆ ನಾಲ್ಕು ಕಂಪ್ಯೂಟರುಗಳಿದ್ದವು. ಮೇಜಿನ ಮೇಲೆ ಪರದೆ ಎರಡು, ಕೀಬೋರ್ಡು ಒಂದು, ಮೌಸು ಒಂದು. ನಾಲ್ಕು ಊರಿನ ನಾಲ್ಕು ಆಸ್ಪತ್ರೆಯವರು ತಂತಮ್ಮ ಯಂತ್ರ ತಂದು ಇಟ್ಟು ಹೋಗಿದ್ದರು. ಒಬ್ಬರ ರೋಗಿಗಳ ಸ್ಕ್ಯಾನ್ ಚಿತ್ರ ಇನ್ನೊಬ್ಬರ ಯಂತ್ರಕ್ಕೆ ಹೋಗಕೂಡದು ಎಂಬುದು ಅವರ ಕರಾರು. ನಾಲ್ಕಕ್ಕೂ ಬೇರೆ ಬೇರೆ ಪರದೆ ಇಡುವಷ್ಟು ಜಾಗ ಪಾಳಯಂಕೋಟೆಯ ಆ ಕೋಣೆಯಲ್ಲಿರಲಿಲ್ಲ. ಹಾಗಾಗಿ ನಡುವೆ ಒಂದು ಸ್ವಿಚ್ಚಿನ ಡಬ್ಬಿ. ಅದರ ಮುಂದೆ ನಾಲ್ಕು ಗುಂಡಿ, ಒಂದೊಂದು ಗುಂಡಿಯ ಮೇಲೆ ಒಂದೊಂದು ಹಸಿರು ದೀಪ. ಒಂದನ್ನು ಒತ್ತಿದರೆ ತೆಂಕಾಶಿ, ಎರಡು ಕೋವಿಲ್‌ಪಟ್ಟಿ, ಮೂರು ತಿರುಚೆಂದೂರು, ನಾಲ್ಕು ಅಂಬಾಸಮುದ್ರಂ. ಪರದೆಗಳು ಒಂದು ಕ್ಷಣ ಕಪ್ಪಾಗಿ, ಇನ್ನೊಂದು ಊರು ತೆರೆದುಕೊಳ್ಳುತ್ತಿತ್ತು.

ಆ ಕೀಬೋರ್ಡಿನ ಮುಂದೆ ಪೇಚಿಯಮ್ಮಾಳ್ ಹನ್ನೊಂದು ವರ್ಷದಿಂದ ಕೂತಿದ್ದಳು. ಡಾಕ್ಟರು ಚಿತ್ರ ನೋಡಿ ಹೇಳುವುದು, ಅವಳು ಟೈಪು ಮಾಡುವುದು. ಟೈಪಿಂಗ್ ಕಲಿಸಿದ ಮೇಷ್ಟ್ರು ಅವಳ ಬೆರಳುಗಳ ಮೇಲೆ ಕರವಸ್ತ್ರ ಹೊದಿಸಿ ಕಲಿಸಿದ್ದರು. ಕಣ್ಣು ಹಾಳೆಯ ಮೇಲೇ ಇರಬೇಕು; ಕತ್ತೆತ್ತಿದರೆ ಗೆಣ್ಣಿಗೆ ಸ್ಕೇಲಿನ ಏಟು. ಟೈಪಿಂಗಿನ ಹೈಯರ್ ಗ್ರೇಡ್ ಪರೀಕ್ಷೆಯಲ್ಲಿ ಅವಳು ಜಿಲ್ಲೆಗೆ ಎರಡನೆಯವಳಾಗಿದ್ದಳು. ಈಗಲೂ ಟೈಪು ಮಾಡುವಾಗ ಪರದೆ ನೋಡುತ್ತಿರಲಿಲ್ಲ. ನೋಡುವ ಅಗತ್ಯವಿರಲಿಲ್ಲ.

ಗುಂಡಿ ಒತ್ತಿದಾಗಲೆಲ್ಲ ಊರಿನ ಹೆಸರನ್ನು ಗಟ್ಟಿಯಾಗಿ ಹೇಳುವುದು ಅವರಿಬ್ಬರ ನಡುವಿನ ರೂಢಿ. ಅವಳು “ತೆಂಕಾಶಿ” ಎನ್ನಬೇಕು, ಅವರು ದೀಪ ನೋಡಿ “ಹ್ಞೂ” ಎನ್ನಬೇಕು. ಡಾಕ್ಟರು ಇಲ್ಲದಾಗ ಅವಳು ಹೇಳುತ್ತಿರಲಿಲ್ಲ. ಖಾಲಿ ಕೋಣೆಯಲ್ಲಿ ಊರುಗಳ ಹೆಸರು ಕೂಗುವುದಕ್ಕೆ ನಾಚಿಕೆ.

ಅಂದು ಭಾನುವಾರ. ಹನ್ನೊಂದೂವರೆಗೆ ಚರ್ಚಿನಲ್ಲಿ ಡಾಕ್ಟರ ಮೊಮ್ಮಗಳ ಜ್ಞಾನಸ್ನಾನ. ಮನೆಯಿಂದ ಎರಡು ಸಲ ಫೋನು ಬಂದಿತ್ತು. ಹನ್ನೊಂದಕ್ಕೆ ಅವರು ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ಹೊರಟು ನಿಂತಿದ್ದಾಗ ಕೋವಿಲ್‌ಪಟ್ಟಿಯ ಸ್ಕ್ಯಾನ್ ಕೋಣೆಯ ಇಸಕ್ಕಿಮುತ್ತು ಫೋನು ಮಾಡಿದ.

“ಅಕ್ಕಾ, ಚಿತ್ರ ಕಳಿಸಿದೀನಿ. ಸುಡಲೈಮಣಿ, ಐವತ್ತೆರಡು ವರ್ಷ. ಬೆಳಿಗ್ಗೆ ಎಂಟಕ್ಕೆ ಬಲಗೈ ಬಿದ್ದಿದೆ, ಮಾತು ತೊದಲ್ತಾ ಇದೆ. ಇಲ್ಲಿ ಔಷಧ ಕೈಲಿ ಹಿಡ್ಕೊಂಡು ನಿಂತಿದಾರೆ. ಹನ್ನೆರಡೂವರೆ ದಾಟಿದ್ರೆ ಕೊಡೋ ಹಾಗಿಲ್ಲ. ಅಯ್ಯಾನ ಹೊರಡೋಕೆ ಬಿಡಬೇಡಿ.”

ಹನ್ನೊಂದು ವರ್ಷದಲ್ಲಿ ಪೇಚಿಗೆ ಇಷ್ಟು ತಿಳಿದಿತ್ತು: ಮೆದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೂ ಕೈ ಬೀಳುತ್ತದೆ, ನಾಳ ಒಡೆದು ರಕ್ತ ಸೋರಿದರೂ ಬೀಳುತ್ತದೆ. ಹೆಪ್ಪಾಗಿದ್ದರೆ ಆ ಔಷಧ ಅದನ್ನು ಕರಗಿಸಿ ಮನುಷ್ಯನನ್ನು ಎಬ್ಬಿಸಿ ಕೂರಿಸುತ್ತದೆ. ಸೋರುತ್ತಿದ್ದರೆ ಅದೇ ಔಷಧ ಅವನನ್ನು ಮುಗಿಸುತ್ತದೆ. ಯಾವುದು ಎಂದು ಹೇಳುವುದು ಈ ಮೇಜಿನ ಕೆಲಸ.

“ಕೋವಿಲ್‌ಪಟ್ಟಿ,” ಎಂದಳು ಗುಂಡಿ ಒತ್ತಿ.

“ಹ್ಞೂ.” ಡಾಕ್ಟರು ನಿಂತೇ ನೋಡಿದರು. ಆಮೇಲೆ ಕುರ್ಚಿ ಎಳೆದು ಕೂತರು. ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. “ಇಲ್ಲಿ ನೋಡು, ಎಡಗಡೆ. ಕಡಲೆಬೀಜದ ಸಿಪ್ಪೆಯಷ್ಟು. ರಕ್ತ ಅನ್ಸುತ್ತೆ. ಹೊಸ ಹುಡುಗರಾದ್ರೆ ಕಣ್ಣಿಗೇ ಬೀಳಲ್ಲ. ಬರ್ಕೋ.”

ಅವಳು ನೋಟುಬುಕ್ಕಿನಲ್ಲಿ ಶೀಘ್ರಲಿಪಿಯಲ್ಲಿ ಬರೆದುಕೊಂಡಳು. ತೆಂಕಾಶಿಯಿಂದಲೂ ಒಂದು ಬಂದಿತ್ತು, ಉಯ್ಯಾಲೆಯಿಂದ ಬಿದ್ದ ಒಂಬತ್ತು ವರ್ಷದ ಹುಡುಗಿಯದು. ಗುಂಡಿ ಒತ್ತಿ ಅದನ್ನೂ ತೋರಿಸಿದಳು. ಏನೂ ಇಲ್ಲ, ರಕ್ತಸ್ರಾವ ಇಲ್ಲ, ಮೂಳೆ ಸರಿಯಿದೆ. ಅದನ್ನೂ ಬರೆದುಕೊಂಡಳು.

“ಕೋವಿಲ್‌ಪಟ್ಟಿಯವರಿಗೆ ಮೊದಲು ಕಳಿಸು,” ಎಂದರು ಡಾಕ್ಟರು. “ಕಳಿಸಿ ಇಸಕ್ಕಿಗೆ ಒಂದು ಮಾತು ಹೇಳು, ಸೂಜಿ ಬೇಡ ಅಂತ. ಮೊಮ್ಮಗಳಿಗೆ ಕೊಡೋ ಬೆಳ್ಳಿ ಲೋಟದ ಪೊಟ್ಟಣ ಎಲ್ಲಿಟ್ಟೆ?”

“ಒಳಗೆ ಬೀರುವಲ್ಲಿ. ನೀವು ಕಳೆದುಹಾಕ್ತೀರಿ ಅಂತ ಅಮ್ಮ ನನ್ನ ಕೈಗೆ ಕೊಟ್ಟಿದ್ರು.”

“ಇಬ್ರೂ ಸೇರ್ಕೊಂಡು ನನ್ನ ಮಗು ಮಾಡ್ಬಿಟ್ರಿ.”

ಅವಳು ಒಳಗೆ ಹೋಗಿ ಪೊಟ್ಟಣ ತಂದಳು. ಅವರು ಅದನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದು ಹೋದರು.

ವರದಿಯ ಕೆಳಗೆ ಡಾಕ್ಟರ ಸಹಿ ಬೀಳಬೇಕಾದರೆ ಅವರ ಪಾಸ್‌ವರ್ಡ್ ಹಾಕಬೇಕು. ಅದು ಪೇಚಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂಬುದು ಎಷ್ಟೋ ಜನರಿಗೆ ಗೊತ್ತಿತ್ತು. ಯಾರೂ ಕೇಳಿರಲಿಲ್ಲ.

ಅವಳು ಕೂತಳು. ಕೊನೆಗೆ ನೋಡಿದ್ದು ತೆಂಕಾಶಿ, ಯಂತ್ರ ಅಲ್ಲೇ ಇದೆ. ಹುಡುಗಿಯದು ಐದೇ ಸಾಲು. ಇದನ್ನು ಮುಗಿಸಿಯೇ ಗುಂಡಿ ಒತ್ತಿದರಾಯಿತು, ಹೋಗಿ ಮತ್ತೆ ಬರುವುದು ತಪ್ಪುತ್ತದೆ ಎಂದುಕೊಂಡಳು. ನೋಟುಬುಕ್ಕು ಎಡಗಡೆ ಇಟ್ಟುಕೊಂಡು ಟೈಪು ಮಾಡಿದಳು. ರಕ್ತಸ್ರಾವ ಕಂಡುಬಂದಿಲ್ಲ. ಪಾಸ್‌ವರ್ಡ್ ಹಾಕಿದಳು. ಕಳಿಸಿದಳು. ಒಂದು ನಿಮಿಷವೂ ಹಿಡಿಯಲಿಲ್ಲ.

ಆಮೇಲೆ ಎರಡನೆಯ ಗುಂಡಿ ಒತ್ತಿದಳು. ಪರದೆ ಕಪ್ಪಾಗಲಿಲ್ಲ.

ಮತ್ತೆ ಒತ್ತಿದಳು. ಏನೂ ಬದಲಾಗಲಿಲ್ಲ. ಡಬ್ಬಿಯ ಕಡೆ ನೋಡಿದಳು. ಎರಡನೆಯ ದೀಪ ಉರಿಯುತ್ತಿತ್ತು. ಅವಳು ಒಳಗೆ ಹೋಗಿದ್ದಾಗ ಡಾಕ್ಟರು ಅನುಮಾನ ಬಂದು ಕೋವಿಲ್‌ಪಟ್ಟಿಯ ಚಿತ್ರವನ್ನು ಇನ್ನೊಂದು ಸಲ ನೋಡಿ ಹೋಗಿದ್ದರು.

ಪರದೆಯ ಮೇಲೆ ಕೋವಿಲ್‌ಪಟ್ಟಿಯ ರೋಗಿಗಳ ಪಟ್ಟಿ. ಸುಡಲೈಮಣಿ, ಐವತ್ತೆರಡು, ಗಂಡು. ಹೆಸರಿನ ಪಕ್ಕದಲ್ಲಿ ಸಹಿಯಾಗಿದೆ ಎಂಬ ಗುರುತು. ತೆರೆದು ನೋಡಿದಳು. ಹುಡುಗಿಯ ಐದು ಸಾಲು ಅವನ ಹೆಸರಿನ ಕೆಳಗಿತ್ತು. ಗಂಟೆ ಹನ್ನೊಂದು ಇಪ್ಪತ್ತೊಂದು.

ಸಹಿಯಾದ ವರದಿಯನ್ನು ಅಳಿಸಲು ಬರುವುದಿಲ್ಲ. ಕೆಳಗೆ ತಿದ್ದುಪಡಿ ಸೇರಿಸಬಹುದು, ಅದಕ್ಕೆ ಡಾಕ್ಟರ ಮೊಬೈಲಿಗೆ ಒಂದು ಸಂಖ್ಯೆ ಬರುತ್ತದೆ, ಆ ಸಂಖ್ಯೆ ಬೇಕು. ಅವಳು ಡಾಕ್ಟರಿಗೆ ಫೋನು ಮಾಡಿದಳು. ಎತ್ತಲಿಲ್ಲ. ಅವರ ಹೆಂಡತಿಗೆ ಮಾಡಿದಳು. ಎತ್ತಲಿಲ್ಲ. ಇಸಕ್ಕಿಗೆ ಮೂರು ಸಲ ಮಾಡಿದಳು, ಮೂರು ಸಲವೂ ಪೂರ್ತಿ ಬಾರಿಸಿ ನಿಂತಿತು. ಕೋಣೆಯ ಫೋನಿನಿಂದ ಆಸ್ಪತ್ರೆಗೆ ಮಾಡಿದಳು, ಎರಡು ಸಲ ಬೇರೆ ಕರೆಯಲ್ಲಿತ್ತು. ಮೂರನೆಯ ಸಲ ಸ್ವಾಗತದಲ್ಲಿ ಕೂರುವ ಹೆಂಗಸು ಎತ್ತಿದಳು.

“ಹೇಳಿ.”

“ಪಾಳಯಂಕೋಟೆ ಜೆಬಮಣಿ ಡಾಕ್ಟ್ರ ಕಡೆಯಿಂದ. ಸುಡಲೈಮಣಿ ಅನ್ನೋರ ಸ್ಕ್ಯಾನ್ ವರದಿ ತಪ್ಪಾಗಿ ಬಂದಿದೆ. ಸೂಜಿ ಕೊಡಬೇಡಿ ಅಂತ ಈಗಲೇ ಒಳಗೆ ಹೇಳಿ.”

“ಯಾವ ಸುಡಲೈಮಣಿ? ಇಲ್ಲಿ ಮೂರು ಜನ ಇದಾರೆ.”

“ಕೈ ಬಿದ್ದಿರೋರು.”

“ಅವರದ್ದು ವರದಿ ಬಂದಾಯ್ತಲ್ಲ. ನಾನೇ ಪ್ರಿಂಟ್ ತೆಗೆದುಕೊಟ್ಟೆ. ರಕ್ತ ಇಲ್ಲ ಅಂತಿತ್ತು.”

“ಅದೇ ತಪ್ಪು. ರಕ್ತ ಇದೆ.”

“ನೀವ್ಯಾರು, ಡಾಕ್ಟರಾ?”

ಹೌದು ಎನ್ನಬಹುದಿತ್ತು. ಆ ಕ್ಷಣದಲ್ಲಿ ಅದು ಹೊಳೆಯಲಿಲ್ಲ. “ಟೈಪಿಸ್ಟು,” ಎಂದಳು.

“ಅಯ್ಯೋ ಅಕ್ಕಾ. ಟೈಪಿಸ್ಟು ನಿಲ್ಸಿ ಅಂದ್ರು ಅಂತ ನಾನು ಐಸಿಯು ಒಳಗೆ ಹೋಗಿ ಹೇಳ್ಲಾ? ನನ್ನ ಸೀದಾ ಮನೆಗೆ ಕಳಿಸ್ತಾರೆ. ನಿಮ್ಮ ಡಾಕ್ಟ್ರ ಸಹಿ ಇದೆ ಇದ್ರಲ್ಲಿ. ಅವರ ಕೈಲೇ ಒಂದು ಮಾತು ಹೇಳ್ಸಿ.”

“ಅವರು ಚರ್ಚಿನಲ್ಲಿದಾರೆ. ಫೋನ್ ಎತ್ತಲ್ಲ.”

“ಮತ್ತೆ ಸಹಿ ಯಾರು ಹಾಕಿದ್ದು?”

“ನಾನು.”

“ಇರಿ,” ಎಂದು ಅವಳು ಫೋನನ್ನು ಮೇಜಿನ ಮೇಲಿಟ್ಟಳು. ಫ್ಯಾನಿನ ಸದ್ದು ಕೇಳಿಸಿತು. ಮಗುವೊಂದು ಅಳುತ್ತಿತ್ತು. ಯಾರೋ ಇಂಜೆಕ್ಷನ್ ಚೀಟಿ ಎಲ್ಲಿ ಕೊಡಬೇಕು ಎಂದು ಕೇಳುತ್ತಿದ್ದರು, ಯಾರೋ ಸಾಲಿನಲ್ಲಿ ನಿಲ್ಲಿ ಎನ್ನುತ್ತಿದ್ದರು. ಪೇಚಿ ಫೋನನ್ನು ಕಿವಿಗೆ ಒತ್ತಿಕೊಂಡು ಕೂತಳು. ಇಟ್ಟು ಎದ್ದು ಹೋಗಬೇಕೋ, ಹಿಡಿದೇ ಇರಬೇಕೋ ತಿಳಿಯಲಿಲ್ಲ. ಕೋವಿಲ್‌ಪಟ್ಟಿ ಒಂದು ಗಂಟೆಯ ದಾರಿ. ಚರ್ಚಿಗೆ ಆಟೋದಲ್ಲಿ ಹದಿನೈದು ನಿಮಿಷ. ಅವಳು ಎದ್ದರೆ ಈ ಫೋನು ಕೇಳುವವರಿಲ್ಲ.

ಆಗ ಮೊಬೈಲು ಬಡಿದುಕೊಂಡಿತು. ಇಸಕ್ಕಿ.

“ಏನಕ್ಕಾ, ಮೂರ್ಮೂರು ಸಲ ಮಾಡಿದೀರಿ. ಭಾನುವಾರ ಅಲ್ವಾ, ಕೋಳಿ ಸಾರು ಮಾಡಿ ಊಟಕ್ಕೆ ಕರೀತಿದೀರೇನೋ ಅಂತ ಓಡಿಬಂದೆ. ಒಂದು ಮೂಳೆ ಕೇಸಿತ್ತು, ಫೋನ್ ಹೊರಗಿಟ್ಟಿದ್ದೆ.”

“ತಂಬಿ, ಸುಡಲೈಮಣಿಗೆ ಸೂಜಿ ಕೊಟ್ರಾ?”

“ಕೊಟ್ಟಾಯ್ತು. ಮೊದಲ ಡೋಸ್ ಹಾಕಿ ಮಿಕ್ಕಿದ್ದು ಹನಿಹನಿಯಾಗಿ ಬಿಟ್ಟಿದಾರೆ. ಹದಿನೈದು ನಿಮಿಷ ಆಗಿರಬೇಕು. ನಿಮ್ಮ ವರದಿ ಎಷ್ಟು ಬೇಗ ಬಂತು ಅಂತ ಡ್ಯೂಟಿ ಡಾಕ್ಟ್ರು ಹೊಗಳ್ತಾ ಇದ್ರು.”

“ಅದು ತೆಂಕಾಶಿ ಹುಡುಗಿ ವರದಿ. ನಾನು ತಪ್ಪು ಯಂತ್ರದಲ್ಲಿ ಹಾಕ್ಬಿಟ್ಟೆ. ಅವರಿಗೆ ರಕ್ತ ಇದೆ ತಂಬಿ. ಎಡಗಡೆ. ನಿಲ್ಸಕ್ಕೆ ಹೇಳು.”

ಅವನು ಏನೂ ಕೇಳಲಿಲ್ಲ. ಓಡಿದ. ಫೋನು ಅವನ ಜೇಬಿನಲ್ಲೇ ಇದ್ದಿರಬೇಕು. ಬಟ್ಟೆ ಉಜ್ಜುವ ಸದ್ದು, ಮೆಟ್ಟಿಲು, ಬಾಗಿಲು. ಯಾರೋ “ಚಪ್ಪಲಿ ಬಿಡಯ್ಯಾ” ಎಂದರು. ಆಮೇಲೆ ಬೇರೆ ಬೇರೆ ದನಿಗಳು, ಒಂದರ ಮೇಲೊಂದು. ಅದರಲ್ಲಿ ಒಂದು ಹುಡುಗಿಯ ದನಿ, “ಯಾಕೆ ತೆಗೀತಿದೀರಿ, ಅಪ್ಪಂಗೆ ಯಾಕೆ ಅದನ್ನ ತೆಗೀತಿದೀರಿ,” ಎಂದು ಒಂದೇ ಸಮನೆ ಕೇಳುತ್ತಿತ್ತು. ಪೇಚಿಯ ಒಂದು ಕಿವಿಯಲ್ಲಿ ಆ ದನಿ, ಇನ್ನೊಂದು ಕಿವಿಯಲ್ಲಿ ಸ್ವಾಗತದ ಫ್ಯಾನು.

“ನಿಲ್ಸಿದ್ರು,” ಎಂದ ಇಸಕ್ಕಿ, ಏದುಸಿರು ಬಿಡುತ್ತ. “ಕಾಲು ಭಾಗ ಹೋಗಿದೆ. ಮದುರೈಗೆ ಕಳಿಸ್ತಾರಂತೆ.”

“ಮಾತಾಡ್ತಿದಾರಾ?”

“ತಲೆ ನೋವು ಅಂತಿದಾರೆ.”

ಡಾಕ್ಟರು ಬಂದಾಗ ಒಂದು ಗಂಟೆ ದಾಟಿತ್ತು. ಕಾರು ಹತ್ತಿದ ಮೇಲೆ ಫೋನು ನೋಡಿದ್ದರು. ಅವಳದೇ ಹತ್ತೊಂಬತ್ತು ಕರೆಗಳಿದ್ದವು. ಪಂಚೆಯ ಮೇಲೆ ಕೇಕಿನ ಕಲೆ. ಅವಳು ಹೇಳಿ ಮುಗಿಸುವವರೆಗೂ ನಿಂತು ಕೇಳಿದರು. ಕೇಳಿ ಆದ ಮೇಲೂ ಕೂರಲಿಲ್ಲ.

“ನೀನು ಒಳಗೆ ಹೋದಾಗ ನಾನೇ ಇನ್ನೊಂದ್ಸಲ ಹಾಕಿ ನೋಡಿದೆ. ಹೇಳಕ್ಕೆ ಮರೆತೆ.”

“ನೀವು ಮೊದಲು ಕೋವಿಲ್‌ಪಟ್ಟಿ ಅಂದಿದ್ರಿ. ನಾನು ಇದನ್ನೇ ಮೊದಲು ಮುಗಿಸೋಣ ಅಂದ್ಕೊಂಡೆ.”

“ಎದ್ದೇಳು.”

ಅವಳು ಎದ್ದಳು. ಅವರು ಕೀಬೋರ್ಡಿನ ಮುಂದೆ ಕೂತು ತಿದ್ದುಪಡಿಯ ಪುಟ ತೆರೆದರು. ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತತೊಡಗಿದರು. ಪ್ರತಿ ಅಕ್ಷರ ಎಲ್ಲಿದೆಯೆಂದು ಅವಳ ಬೆರಳಿಗೆ ಗೊತ್ತಿತ್ತು. ಅವಳು ಕೈಕಟ್ಟಿ ನಿಂತಿದ್ದಳು. ಎಡಗಡೆ ಸಣ್ಣ ರಕ್ತಸ್ರಾವ ಎಂದು ಬರೆಯಲು ಅವರಿಗೆ ನಾಲ್ಕು ನಿಮಿಷ ಹಿಡಿಯಿತು.

ಕೊನೆಯಲ್ಲಿ ತಿದ್ದುಪಡಿಗೆ ಕಾರಣ ಕೇಳಿತು. ಮೂರು ಕಾರಣ ಕೊಟ್ಟಿದ್ದರು, ಒಂದನ್ನು ಆರಿಸಬೇಕು. ಹೊಸ ಮಾಹಿತಿ. ಮರುಪರಿಶೀಲನೆ. ಅಕ್ಷರದೋಷ.

“ನಾನು ತಪ್ಪು ಹಾಕಿದೆ ಅಂತ ಬರೀರಿ ಅಯ್ಯಾ.”

“ಎಲ್ಲಿ ಬರೀಲಿ?”

“ಎಲ್ಲಾದ್ರೂ.”

“ಜಾಗ ಇಲ್ಲಮ್ಮಾ. ನೀನು ಈ ಕಾಗದದಲ್ಲಿ ಎಲ್ಲೂ ಇಲ್ಲ. ಇದ್ದೀಯ ಅಂತ ಬರೆದ್ರೆ, ನನ್ನ ಪಾಸ್‌ವರ್ಡ್ ನಿನ್ನ ಕೈಲಿತ್ತು ಅಂತಲೂ ಬರೀಬೇಕು.” ಅವರು ಅವಳ ಕಡೆ ತಿರುಗಲಿಲ್ಲ. “ನಾನು ಎಪ್ಪತ್ತರ ಹತ್ತಿರ ಬಂದೋನು. ನನ್ನ ಮೇಲೇ ಇರ್ಲಿ ಅಂತಲೂ ಅನ್ಸುತ್ತೆ. ಅಷ್ಟು ಧೈರ್ಯ ಇಲ್ಲ ಅಂತಲೂ ಅನ್ಸುತ್ತೆ.”

ಬಾಣದ ಗುರುತು ಮರುಪರಿಶೀಲನೆಯ ಮೇಲೆ ನಿಂತಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು. ಒತ್ತಿದರು.

ಎರಡೂ ಹತ್ತಕ್ಕೆ ಇಸಕ್ಕಿ ಫೋನು ಮಾಡಿದ.

“ಗಾಡಿ ವಾಪಸ್ ಬರ್ತಿದೆ ಅಕ್ಕಾ. ಮದುರೈ ದಾರೀಲಿ ಸಾತ್ತೂರು ದಾಟೋ ಮೊದಲೇ ಜೀವ ಹೋಯ್ತು.”

ಅವಳು ಹ್ಞೂ ಎಂದಳು. ಡಾಕ್ಟರು ಅವಳ ಮುಖ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮನೆಯವರಿಗೆ ಏನು ಹೇಳಿದ್ರು?” ಎಂದು ಕೇಳಿದಳು.

“ತಲೆಯಲ್ಲಿ ರಕ್ತ ಆಯ್ತು ಅಂತ. ಈ ಔಷಧ ಕೊಟ್ರೆ ನೂರರಲ್ಲಿ ಐದಾರು ಜನಕ್ಕೆ ಹಾಗಾಗುತ್ತೆ ಅಂತ ಮೊದಲೇ ಮಗಳ ಹತ್ರ ಸಹಿ ಹಾಕಿಸ್ಕೊಂಡಿದಾರಲ್ಲ. ಅದನ್ನೇ ಹೇಳಿದ್ರು.”

“ಅಷ್ಟೇನಾ?”

“ಅಷ್ಟೇ. ನಾನು ಬಾಯಿ ತೆಗೀಲಿಲ್ಲ ಅಕ್ಕಾ. ನಂಗೆ ಎರಡು ಮಕ್ಕಳಿದಾರೆ.” ಆಮೇಲೆ ಹೇಳಿದ, “ಆ ಹುಡುಗಿ ಗಾಡಿ ಹತ್ತುವಾಗ ನಂಗೆ ಕೈ ಮುಗಿದ್ಳು. ಭಾನುವಾರ ಆದ್ರೂ ಅಷ್ಟು ಬೇಗ ವರದಿ ಕೊಟ್ರಿ, ಪಾಳಯಂಕೋಟೆಯವರಿಗೂ ಹೇಳಿ ಅಂದ್ಳು. ಹೇಳ್ಬಾರ್ದು ಅಂದ್ಕೊಂಡಿದ್ದೆ.”

“ಅವಳ ನಂಬರ್ ಇದೆಯಾ?”

“ಯಾಕಕ್ಕಾ?”

ಪೇಚಿ ಪೆನ್ನು ತೆಗೆದುಕೊಂಡು ನೋಟುಬುಕ್ಕಿನ ಹೊಸ ಹಾಳೆ ತಿರುವಿದಳು.

“ಹೇಳು,” ಎಂದಳು.

ಇಸಕ್ಕಿ, ಒಂದು ಕೇಸು ಬಂದಿದೆ, ಕರೀತಿದಾರೆ ಎಂದು ಫೋನಿಟ್ಟ. ಅವಳು ಮತ್ತೆ ಮಾಡಿದಳು. ಪೂರ್ತಿ ಬಾರಿಸಿ ನಿಂತಿತು.