ಹಿಡ್ಕೊಳ್ಳೋಕೆ ಏನಾದ್ರೂ ಬೇಕು

ಇಪ್ಪತ್ತೈದು ಚೀಟಿಗಳಲ್ಲಿ ಇಪ್ಪತ್ನಾಲ್ಕನ್ನು ಬರೆದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ ಅಷ್ಟರಲ್ಲಿ ನೀವು ನನ್ನನ್ನು ಒಳ್ಳೆಯವಳೆಂದು ನಂಬಿಬಿಟ್ಟಿರುತ್ತೀರಿ, ಅದೂ ಒಂದು ಪಾಪ ನನ್ನ ತಲೆಗೇ.

ನಗರಸಭೆಯಲ್ಲಿ ನಾನು ಸಾರ್ವಜನಿಕ ಕಲೆಯ ಸಂಯೋಜಕಿ. ಹೊರಗಿನ ಸಂಸ್ಥೆಗಳಿಂದ ಅನುದಾನ ತರುವುದು, ಕಲಾವಿದರನ್ನು ಹುಡುಕುವುದು, ಯಾರೂ ತಿರುಗಿ ನೋಡದ ಗೋಡೆಗೋ ಮೂಲೆಗೋ ಬಣ್ಣ ಹಾಕಿಸಿ ಜನ ಅಲ್ಲಿ ನಾಲ್ಕು ಗಳಿಗೆ ನಿಲ್ಲುವಂತೆ ಮಾಡುವುದು ನನ್ನ ಕೆಲಸ. ನಮ್ಮಣ್ಣ ಇದನ್ನು ‘ಸರ್ಕಾರಿ ಸುಣ್ಣ’ ಅನ್ನುತ್ತಾನೆ. ಹತ್ತು ವರ್ಷದಿಂದ ಅವನ ಬಾಯಿ ಮುಚ್ಚಿಸಲು ಒಂದು ದೊಡ್ಡ ಕೆಲಸಕ್ಕಾಗಿ ಕಾಯುತ್ತಿದ್ದೆ.

ಅದು ಮೆಟ್ಟಿಲ ರೂಪದಲ್ಲಿ ಬಂತು. ಕೆಳಗಿನ ಬೀದಿಯಿಂದ ಮೇಲಿನ ಬೀದಿಗೆ ಹತ್ತುವ ಹಳೆಯ ಕಲ್ಲುಮೆಟ್ಟಿಲು, ಎಣಿಸಿ ಅರವತ್ತೆರಡು. ಚಿತ್ರ ಬರೆಸಲು ಅನುದಾನ ಸಿಗುತ್ತಿತ್ತು, ಆದರೆ ಒಂದು ನಿಯಮ: ಅಲ್ಲಿ ಏನು ಬೇಕೆಂದು ಕನಿಷ್ಠ ಇಪ್ಪತ್ತೈದು ನಿವಾಸಿಗಳು ಕೈಯಾರೆ ಬರೆದುಕೊಡಬೇಕು. ನಾನು ಸಭೆ ಕರೆದೆ. ಕೆಲಸದ ದಿನ, ಮಧ್ಯಾಹ್ನ ಮೂರು ಗಂಟೆಗೆ ಯಾರು ಬರುತ್ತಾರೆ? ಬಾಡಿಗೆ ಕುರ್ಚಿಗಳ ಮೇಲೆ ಬಿಸಿಲು ಬಂದು ಕೂತಿತು. ಬಂದದ್ದು ಒಬ್ಬರೇ, ಮೆಟ್ಟಿಲ ಬುಡದ ಮನೆಯಲ್ಲಿ ಬಟ್ಟೆ ಹೊಲಿಯುವ ವಯಸ್ಸಾದ ಹೆಂಗಸು. ಪೆನ್ನು ಕೇಳಿ ಪಡೆದು, ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ಒಂದು ಸಾಲು ಬರೆದುಕೊಟ್ಟು, ಒಲೆ ಮೇಲೆ ಪಾತ್ರೆ ಇದೆಯೆಂದು ಹೋದರು.

ಅರ್ಜಿಗೆ ಮರುದಿನವೇ ಕಡೆಯ ದಿನ. ಮನೆಮನೆಗೆ ಹೋಗಿ ಕೇಳಬಹುದಿತ್ತು. ಆದರೆ ಅಷ್ಟು ಮೆಟ್ಟಿಲು ಯಾರು ಹತ್ತುತ್ತಾರೆ? ನಾಚಿಕೆಗೇಡಿನ ಮಾತು, ಆದರೆ ಕಾರಣ ಇಷ್ಟೇ. ಕಚೇರಿಗೆ ಬಂದು, ಐದು ಬಣ್ಣದ ಪೆನ್ನು ಹರಡಿಕೊಂಡು, ಒಮ್ಮೆ ಎಡಗೈಯಲ್ಲಿ, ಒಮ್ಮೆ ಕಾಗುಣಿತ ತಪ್ಪಿಸಿ ಬರೆಯತೊಡಗಿದೆ. ನಿವೃತ್ತ ಗುಮಾಸ್ತನಾದೆ, ಶಾಲೆ ಹುಡುಗಿಯಾದೆ, ಬಾಣಂತಿಯಾದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ, ನಾನು ಇಪ್ಪತ್ನಾಲ್ಕರಲ್ಲೇ ಮುಗಿಸಿದೆ. ಅದರಲ್ಲೊಂದರ ಬಗ್ಗೆ ನನಗೆ ವಿಶೇಷ ಹೆಮ್ಮೆಯಿತ್ತು: ‘ನನ್ನ ಬಾಗಿಲಿನಿಂದ ಕೆಳಗಿನ ಬೀದಿಯವರೆಗೆ ಒಂದು ಹೊಳೆ ಹರಿಯಲಿ. ಇಂತಿ, ಮೇಲಿನ ಮನೆಯವಳು.’

ನಿಜವಾದ ಆ ಒಂದು ಚೀಟಿಯಲ್ಲಿ ಇದ್ದದ್ದು ಇಷ್ಟು: ‘ಹಿಡ್ಕೊಳ್ಳೋಕೆ ಏನಾದ್ರೂ ಬೇಕು.’

ಓದಿದ ಮೊದಲ ಕ್ಷಣ ನನಗೆ ಸರಿಯಾಗಿಯೇ ಅರ್ಥವಾಗಿತ್ತು. ಮೆಟ್ಟಿಲ ಪಕ್ಕ ಒಂದು ಕಂಬಿ ಬೇಕು, ಅಷ್ಟೆ. ಆದರೆ ಕಂಬಿ ಹಾಕುವುದು ರಸ್ತೆ ವಿಭಾಗದವರ ಕೆಲಸ, ಕಲೆಯ ಅನುದಾನದಲ್ಲಿ ಬರುವುದಿಲ್ಲ. ಎರಡನೆಯ ಕ್ಷಣಕ್ಕೆ ಆ ಸಾಲು ನನಗೆ ಕವಿತೆಯಾಗಿ ಕಂಡಿತು. ಹೌದಲ್ಲ, ಈ ಬದುಕಿನಲ್ಲಿ ಮನುಷ್ಯನಿಗೆ ಹಿಡ್ಕೊಳ್ಳೋಕೆ ಏನಾದ್ರೂ ಬೇಕಲ್ಲ! ಅದನ್ನೇ ಯೋಜನೆಯ ಹೆಸರು ಮಾಡಿ ಅರ್ಜಿಯ ಮೇಲೆ ದಪ್ಪಕ್ಷರದಲ್ಲಿ ಬರೆದೆ. ಅನುದಾನ ಬಂತು.

ಕಲಾವಿದ ನಿಜಕ್ಕೂ ಕೈಗುಣವುಳ್ಳವನು. ಮೇಲಿನಿಂದ ಕೆಳಗಿನವರೆಗೆ ನೀಲಿ ಹೊಳೆಯೊಂದನ್ನು ಹರಿಸಿದ. ಮೇಲೆ ನಿಂತು ನೋಡಿದರೆ ಒಂದು ಮೆಟ್ಟಿಲು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದೇ ತಿಳಿಯುತ್ತಿರಲಿಲ್ಲ. ಅದನ್ನೇ ಎಲ್ಲರೂ ಹೊಗಳಿದರು. ಬುಡದಲ್ಲಿ ಇಪ್ಪತ್ತೈದೂ ಚೀಟಿಗಳನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಬೋರ್ಡು ನಿಲ್ಲಿಸಿದೆವು. ಉದ್ಘಾಟನೆಗೆ ಬಂದ, ಅನುದಾನ ಕೊಟ್ಟ ಸಂಸ್ಥೆಯ ಹಿರಿಯಾಕೆ ಒಂದೊಂದನ್ನೂ ಓದಿ, ಎಲ್ಲವೂ ಒಂದೇ ಹೃದಯದಿಂದ ಬಂದಂತಿದೆ ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಬೆರಳಿಗೆ ಮಸಿ ಅಂಟಿದೆಯೇ ಎಂದು ನೋಡಿಕೊಂಡೆ.

ಮೂರು ತಿಂಗಳ ಮೇಲೆ ಸಂಸ್ಥೆಯವರು ಒಂದು ವರದಿ ಕೇಳಿದರು. ಈ ಮೆಟ್ಟಿಲಿನಿಂದ ಬದುಕು ಬದಲಾದ ಒಬ್ಬ ನಿವಾಸಿಯ ಕಥೆ ಬೇಕಂತೆ. ನನ್ನ ಬಳಿ ನಿಜವಾದ ನಿವಾಸಿ ಅಂತ ಇದ್ದದ್ದು ಒಬ್ಬರೇ.

ಹೊಲಿಗೆಯ ಅಮ್ಮನ ಬಾಗಿಲು ತೆರೆದೇ ಇತ್ತು. ಯಂತ್ರದ ಮೇಲೆ ಬಟ್ಟೆ ಹೊದಿಸಿತ್ತು. ಪಕ್ಕದಲ್ಲಿ ಹೊಲಿಯದ ಬಟ್ಟೆಗಳ ಗಂಟುಗಳು, ಒಂದೊಂದಕ್ಕೂ ಪಿನ್ನು ಚುಚ್ಚಿದ ಅಳತೆಚೀಟಿ. ಅವರ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು. ಏನಾಯಿತೆಂದು ಕೇಳುವ ಮೊದಲೇ ನನಗೆ ಗೊತ್ತಾಗಿಹೋಯಿತು.

ಅವರು ಬೈಯಲಿಲ್ಲ, ಕೂರಿ ಎಂದರು. ಮೇಲಿನ ಬೀದಿಗೆ ಹೊಲಿದ ಬಟ್ಟೆ ಕೊಟ್ಟು ಇಳಿಯುವಾಗ ನೀರಿನ ಮೇಲೆ ಕಾಲಿಟ್ಟ ಹಾಗಾಯಿತಂತೆ. ಮೊದಲೇ ಕಣ್ಣು ಮಂಜು. ಮೂಳೆ ಕೂಡುತ್ತದೆ, ಬೆರಳು ಮುಂಚಿನಂತೆ ಸೂಜಿ ಹಿಡಿಯುತ್ತದೋ ಇಲ್ಲವೋ ಹೇಳಲಾಗದು ಎಂದು ಡಾಕ್ಟರು ಅಂದಿದ್ದಾರಂತೆ. ನಾನು ಕ್ಷಮಿಸಿ ಎಂದೆ. ಆ ಮಾತು ನನ್ನ ಕಿವಿಗೇ ಕಚೇರಿಯ ಉತ್ತರದಂತೆ ಕೇಳಿತು.

“ನಿಮ್ದೇನು ತಪ್ಪು ಮೇಡಂ? ಇಪ್ಪತ್ನಾಲ್ಕು ಜನಕ್ಕೆ ಚಿತ್ರ ಬೇಕಾಗಿತ್ತು, ಕಂಬಿ ಬೇಕಾಗಿದ್ದು ನಂಗೊಬ್ಬಳಿಗೆ. ಎಲ್ಲಾರ್ಗೂ ಒಂದು ದಾರಿ, ನಂಗೊಂದು ದಾರಿ ಅಂದ್ರೆ ಆಗುತ್ತಾ?” ಎಂದರು. ಮತ್ತೆ, “ಆದ್ರೆ ನನ್ನ ನಾದಿನಿ ಹಾಗೆ ಬರೀಬಾರದಿತ್ತು” ಎಂದರು.

ಮೆಟ್ಟಿಲ ತುದಿಯಲ್ಲಿ ಬಾಗಿಲಿರುವುದು ಒಂದೇ ಮನೆಗೆ, ಅದು ಅವರ ಗಂಡನ ತಂಗಿಯದು; ಹೊಳೆ ಕೇಳಿದ ‘ಮೇಲಿನ ಮನೆಯವಳು’ ಆಕೆಯೇ ಎಂದು ಅಮ್ಮ ತಿಳಿದಿದ್ದರು. ಅಣ್ಣ ತೀರಿಕೊಂಡ ಮೇಲೆ ಆಕೆ ದಿನಾ ಇಳಿದು ಬಂದು, ಕಣ್ಣು ಸರಿಯಾಗಿ ಕಾಣದ ಅತ್ತಿಗೆಗೆ ಯಂತ್ರದ ಸೂಜಿಗೆ ದಾರ ಪೋಣಿಸಿಕೊಟ್ಟು ಹೋಗುತ್ತಿದ್ದರಂತೆ. ಬಿದ್ದ ದಿನ ಅಮ್ಮ ನಾದಿನಿಯನ್ನು ಬೋರ್ಡಿನ ಮುಂದೆ ನಿಲ್ಲಿಸಿ, ಬೀದಿಗೆ ಬೀದಿಯೇ ಕೇಳುವಂತೆ ಕೂಗಾಡಿದ್ದರು. ನಾನು ಬರೆದಿಲ್ಲ ಅತ್ತಿಗೆ, ನನ್ನಾಣೆ ಎಂದರಂತೆ ಆಕೆ. ಅಚ್ಚಾಗಿರುವುದು ಸುಳ್ಳೇನೇ ಎಂದು ಇವರು.

“ನಿಮ್ಮಣ್ಣ ಬದುಕಿದ್ದಿದ್ರೆ ನಿನ್ನ ಮುಖ ನೋಡ್ತಿರಲಿಲ್ಲ ಅಂದ್ಬಿಟ್ಟೆ. ಅವತ್ತಿಂದ ಅವಳು ಇಳಿದಿಲ್ಲ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು.”

ಎದ್ದು ಹೋಗಬಹುದಿತ್ತು. ಹೋಗಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು, ಇದು ನನಗೆ ಆಗಲೂ ಚೆನ್ನಾಗಿ ಗೊತ್ತಿತ್ತು.

“ಅದನ್ನ ಅವರು ಬರೆದಿಲ್ಲ ಅಮ್ಮ. ನಾನು ಬರೆದೆ.”

“ಯಾವುದನ್ನ?”

“ಎಲ್ಲಾನೂ. ನಿಮ್ಮದೊಂದು ಬಿಟ್ಟು.”

ಅವರು ನನ್ನನ್ನು ಬಹಳ ಹೊತ್ತು ನೋಡಿದರು, ಕಣ್ಣು ಕಿರಿದು ಮಾಡಿ, ಬಟ್ಟೆಯ ಎಳೆ ನೋಡುವವರ ಹಾಗೆ. ಆಮೇಲೆ ತಮ್ಮ ಪ್ಲಾಸ್ಟರಿನ ಕೈ ನೋಡಿಕೊಂಡರು.

“ಕೈ ಹೆಂಗೋ ಕೂಡ್ಕೊಳ್ಳುತ್ತೆ. ನಾನು ಅವಳಿಗೆ ಅಂದ ಮಾತು?”

ಅವರು ಚಪ್ಪಲಿ ಮೆಟ್ಟಿ, ನಡೀರಿ ಎಂದರು.

ಹತ್ತುವಾಗ ಅವರ ಎಡಗೈ ನನ್ನ ತೋಳನ್ನು ಬಿಗಿಯಾಗಿ ಹಿಡಿದಿತ್ತು. ನಾನು ಬಗ್ಗಿ ಬಗ್ಗಿ ನೋಡುತ್ತಾ, ಕಾಲಿನಿಂದ ತಡಕುತ್ತಾ ಹತ್ತಿದೆ. ಮಧ್ಯದಲ್ಲಿ ಒಮ್ಮೆ ಎಡವಿದೆ. “ನಿಮಗೂ ಗೊತ್ತಾಗ್ತಿಲ್ವಾ?” ಎಂದು ಅವರು ಕೇಳಿದರು. ವ್ಯಂಗ್ಯವೇನೂ ಇರಲಿಲ್ಲ.

ನಾದಿನಿ ಬಾಗಿಲು ತೆಗೆದರು. ಅತ್ತಿಗೆಯ ಮುಖ ನೋಡಲಿಲ್ಲ, ಆದರೆ ಪ್ಲಾಸ್ಟರಿನ ಕೈ ನೋಡಿ ಒಳಗಿಂದ ಕುರ್ಚಿ ತಂದು ಹಾಕಿದರು. ಇವರು ಏನೋ ಹೇಳಬೇಕಂತೆ ಕೇಳು ಎಂದು ಅಮ್ಮ ಗೋಡೆಯ ಕಡೆ ತಿರುಗಿ ಕೂತರು.

ನಾನು ನಿಂತೇ ಹೇಳಿದೆ. ಐದು ಪೆನ್ನಿನದು, ಎಡಗೈಯದು, ಹೊಳೆಯದು, ಯಾವುದನ್ನೂ ಬಿಡಲಿಲ್ಲ. ಆಕೆ ಮಧ್ಯೆ ಬಾಯಿ ಹಾಕದೆ ಕೇಳಿದರು.

“ನನ್ನ ಹೆಸರಲ್ಲಿ ಬರೆದ್ರಿ. ನನ್ನ ಬಾಗಿಲಿಗೆ ಬಂದು ಕೇಳಿದ್ರೆ ಏನು ಹೇಳ್ತಿದ್ದೆ ಗೊತ್ತಾ?”

ನಾನು ಇಲ್ಲವೆಂದು ತಲೆಯಾಡಿಸಿದೆ.

“ಅತ್ತಿಗೆಗೆ ಕಣ್ಣು ಮಂಜು, ಒಂದು ಕಂಬಿ ಹಾಕ್ಸಿಕೊಡಿ ಅಂತಿದ್ದೆ.”

ಗೋಡೆಯ ಕಡೆಯಿಂದ ಅಮ್ಮ ಅಳುವುದು ಕೇಳಿಸಿತು. ನಾದಿನಿ ಅವರ ಹತ್ತಿರ ಹೋದರು. ನನಗೆ ಕೂರು ಎಂದು ಯಾರೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ.