ಫೋಟೋ ಇಲ್ಲದ ಕೂಸು

ನನ್ನ ಮಗನದ್ದು ಒಂದೂ ಫೋಟೋ ಇಲ್ಲ. ಹೊಟ್ಟೆಯಲ್ಲಿದ್ದಾಗಿನ ಸ್ಕ್ಯಾನಿನ ಕಪ್ಪು ಮಸಿಯನ್ನು ಫೋಟೋ ಎನ್ನುವುದಾದರೆ ಅದೊಂದಿದೆ. ತೊಟ್ಟಿಲಿಗೆ ಹಾಕುವವರೆಗೆ ಕೂಸಿನ ಫೋಟೋ ತೆಗೆಯಬಾರದು, ದೃಷ್ಟಿಯಾಗುತ್ತದೆ ಎಂದು ಬಾಣಂತನಕ್ಕೆ ಬಾಗಲಕೋಟೆಯಿಂದ ಬಂದ ಅತ್ತೆ ಈರವ್ವ ಕಟ್ಟಪ್ಪಣೆ ಮಾಡಿದ್ದರು. ಡಲ್ಲಾಸ್‌ನ ಆಸ್ಪತ್ರೆಯಲ್ಲಿ ಕ್ಯಾಮೆರಾ ಹಿಡಿದು ನಗುತ್ತ ಬಂದ ಹುಡುಗಿಯನ್ನೂ ಬಾಗಿಲಿನಿಂದಲೇ ವಾಪಸ್ ಕಳಿಸಿದರು. ನನ್ನ ಗಂಡ ಅಮರ್ ಲಾಸ್ ಕೊಲಿನಾಸ್‌ನ ಆಫೀಸಿನಲ್ಲಿ ಎಲ್ಲರನ್ನೂ ಗದರಿಸುವವನು. ಅವ್ವನ ಎದುರು ಮಾತ್ರ ಸುಮ್ಮನೆ ಫೋನನ್ನು ಜೇಬಿಗೆ ಸೇರಿಸಿದ. ತೊಟ್ಟಿಲ ಶಾಸ್ತ್ರಕ್ಕೆ ಮೊದಲೇ ಕೂಸು ನಿದ್ದೆಯಲ್ಲಿ ಹೋಗಿಬಿಟ್ಟಿತು.

ಆಮೇಲೆ ಅತ್ತೆಯ ಜೊತೆ ನನ್ನ ಮಾತು ಊಟ ಆಯಿತೇ, ಗುಳಿಗೆ ತಗೊಂಡಿರಾ ಎನ್ನುವಷ್ಟಕ್ಕೇ ನಿಂತಿತು. ತಪ್ಪಾಯಿತು ಎಂದು ಅವರಾಗಿಯೇ ಒಮ್ಮೆ ಹೇಳಲಿ ಎಂದು ಕಾಯುತ್ತಿದ್ದೆ. ಅವರು ಹೇಳಲಿಲ್ಲ.

ಅವರು ಊರಿಗೆ ಮರಳುವ ವಾರ ಅಮರ್‌ಗೆ ಹ್ಯೂಸ್ಟನ್‌ನಲ್ಲಿ ಮೀಟಿಂಗ್ ಇತ್ತು. ನಮ್ಮಿಬ್ಬರನ್ನೇ ಮನೆಯಲ್ಲಿ ಬಿಡಲು ಹೆದರಿ ಜೊತೆಗೆ ಕರೆದೊಯ್ದ. ಬಿಸಿಲು ಜೋರಿದೆ, ಒಳಗೆ ಎ.ಸಿ. ಇರುತ್ತದೆ ಎಂದು ಒಂದು ಮ್ಯೂಸಿಯಂ ಮುಂದೆ ಇಳಿಸಿ ಹೋದ. ಒಳಗೇನಿದೆ ಎಂದು ನೋಡುವ ಗೋಜಿಗೆ ಹೋಗಿರಲಿಲ್ಲ ಪುಣ್ಯಾತ್ಮ. ಗೋಡೆ ತುಂಬ ತಾಯಿ, ಮಕ್ಕಳ ಫೋಟೋಗಳು. ಫೋಟೋವೂ ಚಿತ್ರಕಲೆಯಷ್ಟೇ ದೊಡ್ಡ ಕಲೆ ಎಂದು ಹಟ ಹಿಡಿದವರು ನೂರು ವರ್ಷಕ್ಕೂ ಹಿಂದೆ ತೆಗೆದವು. ಬೆಳಕನ್ನೆಲ್ಲ ತೆಳು ಬಟ್ಟೆಯಲ್ಲಿ ಸೋಸಿದಂತಿತ್ತು.

ನಾನು ಹೊರಗೆ ಹೋಗೋಣ ಎನ್ನುವಷ್ಟರಲ್ಲಿ ಅತ್ತೆ ಒಂದರ ಮುಂದೆ ನಿಂತುಬಿಟ್ಟರು. ಅದರಲ್ಲಿ ಒಬ್ಬಳು ಎಳೆಗೂಸಿನ ನೆತ್ತಿಗೆ ಕೆನ್ನೆ ಒತ್ತಿ ಕಿಟಕಿಯ ಬಳಿ ಕೂತಿದ್ದಳು.

“ಪ್ರೇರಣಾ, ಈ ಕೂಸು ಮುಂದ ಬದುಕಿತ್ತೇನು? ಏನ್ ಬರದಾರ ನೋಡವಾ.”

ಪಕ್ಕದ ಚೀಟಿಯಲ್ಲಿ ಬರೆದಿತ್ತು. ಆ ಕೂಸು ಬೆಳೆದು, ಮೊಮ್ಮಕ್ಕಳನ್ನು ಕಂಡು, ತೊಂಬತ್ತು ದಾಟಿ ತೀರಿಕೊಂಡಿತ್ತು. ಅದನ್ನು ಓದಿ ಹೇಳಿದ್ದರೆ ಇಷ್ಟು ದಿನದ ಸಿಟ್ಟು ಒಂದೇ ಮಾತಿನಲ್ಲಿ ತೀರುತ್ತಿತ್ತು. ಅವರತ್ತ ತಿರುಗಿದೆ. ಸೆರಗನ್ನು ಬಾಯಿಗೊತ್ತಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು.

“ಇಲ್ರೀ ಅತ್ತಿ. ಫೋಟೋ ತಗದ ಮರುವರ್ಷನ ಹೋತಂತ.”

ದೃಷ್ಟಿಯ ಹೆದರಿಕೆ ಸುಳ್ಳಲ್ಲವೆಂದು ಅವರಿಗೆ ಸಮಾಧಾನವಾದೀತು ಎಂದುಕೊಂಡೆ. ಅವರು ಮತ್ತೆ ಫೋಟೋದತ್ತ ತಿರುಗಿದರು.

“ಹಂಗಾರ ಆಕಿಗೆ ಅದರ ಮಾರಿ ಆದ್ರೂ ಉಳೀತು. ನಿನಗ ಅದೂ ಇಲ್ಲದಂಗ ಮಾಡಿದ್ನಲ್ಲವಾ ನಾ.”

ಈ ಮಾತಿಗಾಗಿಯೇ ಹಲ್ಲು ಕಚ್ಚಿ ಕಾದಿದ್ದೆ. ಕೇಳಿದ ಮೇಲೂ ಎದೆ ತಣ್ಣಗಾಗಲಿಲ್ಲ. ಯಾರದೋ ಕೂಸಿನ ಮುಂದೆ ನಿಂತು ಇಬ್ಬರೂ ಅತ್ತೆವು.